ಅಕ್ಕಿಯ ಮೇಲೆ ಬರೆದ ಹೆಸರು

ನನ್ನ ಸೋದರತ್ತೆಗೆ ಎರಡು ಹೆಸರು. ಹುಟ್ಟಿದ್ದು ಯಲ್ಲಾಪುರದ ಕಡೆ, ಅಲ್ಲಿ ಒಂದು. ಕೊಟ್ಟದ್ದು ಸಿದ್ದಾಪುರದ ಮನ್ಮನೆಗೆ, ಅಲ್ಲಿ ಇನ್ನೊಂದು. ಈ ಎರಡು ಊರುಗಳ ನಡುವೆ ಶಿರಸಿಯಲ್ಲಿ ಇಳಿದು ಬಸ್ಸು ಬದಲಿಸಬೇಕು. ಅತ್ತೆ ತನ್ನ ಹೆಸರನ್ನೂ ಶಿರಸಿ ಬಸ್‌ಸ್ಟ್ಯಾಂಡಿನಲ್ಲೇ ಬದಲಿಸಿಕೊಳ್ಳುತ್ತಾಳೆ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ನಿಜಕ್ಕೂ ನಂಬಿದ್ದೆನೋ, ಅಥವಾ ದೊಡ್ಡವನಾದ ಮೇಲೆ ನಾಲ್ಕು ಜನ ನಗಲಿ ಎಂದು ಕಟ್ಟಿಕೊಂಡ ಕಥೆಯೋ, ಈಗ ಹೇಳಲಾರೆ. ಹೇಳಿ ಹೇಳಿ ಅದು ನೆನಪೇ ಆಗಿಬಿಟ್ಟಿದೆ.

ಮದುವೆಯ ದಿನ ಗಂಡನಾದವನು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಗೊಂದು ಹೊಸ ಹೆಸರು ಬರೆಯುವುದು ಆಗ ನಮ್ಮಲ್ಲಿ ಪದ್ಧತಿ. ಅತ್ತೆಯ ಹೆಸರನ್ನು ಮಾವ ಹಾಗೇ ಬರೆದರು. ಬಹಳ ಯೋಚಿಸಿ ಆರಿಸಿದ ಹೆಸರು ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಮನ್ಮನೆಯಲ್ಲಿ ನೆರೆಹೊರೆಯವರು, ನಾದಿನಿಯರು, ಹಾಲು ಕೊಡಲು ಬರುವವಳು, ಎಲ್ಲರೂ ಅದನ್ನೇ ಕರೆಯುತ್ತಾರೆ. ಕರೆಯದವರು ಮಾವ ಒಬ್ಬರೇ. ಚಹಾ ಬೇಕಿದ್ದರೆ ಕಂಬದ ಕಡೆ ನೋಡಿ ಕೆಮ್ಮುತ್ತಾರೆ. ತೀರಾ ಅವಸರವಿದ್ದರೆ "ಕೇಳ್ತಾ?" ಎನ್ನುತ್ತಾರೆ. ಆ "ಕೇಳ್ತಾ" ಒಂದೊಂದು ಸಲ ಒಂದೊಂದು ರಾಗದಲ್ಲಿ ಬರುತ್ತದೆ, ಅದು ಕನ್ನಡಕ ಹುಡುಕಲಿಕ್ಕೋ, ನೆಂಟರು ಬಂದದ್ದಕ್ಕೋ ಎಂದು ಅತ್ತೆಗೆ ಒಳಗಿನಿಂದಲೇ ತಿಳಿಯುತ್ತದೆ.

ಈ ಎರಡು ಹೆಸರುಗಳೂ ಅರ್ಧ ಶತಮಾನ ತಂಟೆಯಿಲ್ಲದೆ ಇದ್ದವು. ಹೋದ ವರ್ಷ ಬ್ಯಾಂಕಿನಿಂದ ಮೊಬೈಲಿಗೆ ಸಂದೇಶ ಬಂತು. ಆಧಾರಿನಲ್ಲಿ ಒಂದು ಹೆಸರಿದೆ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದಿದೆ, ಎರಡನ್ನೂ ಒಂದೇ ಮಾಡಿಸಿ ತನ್ನಿ. ಆಧಾರನ್ನು ರೇಷನ್ ಕಾರ್ಡು ನೋಡಿ ಮಾಡಿಸಿದ್ದು, ಅದರಲ್ಲಿ ಮನ್ಮನೆಯ ಹೆಸರು. ಪ್ಯಾನನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಮಾಡಿಸಿದ್ದು, ಅದರಲ್ಲಿ ಯಲ್ಲಾಪುರದ ಹೆಸರು. ಒಬ್ಬಳೇ ಅತ್ತೆ ದೇಶಕ್ಕೆ ಇಬ್ಬರಾಗಿ ಕಂಡಿದ್ದಳು. ಒಬ್ಬಳು ಹೋಗಬೇಕಿತ್ತು.

ಆ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದನ್ನು ಮೊದಲು ಬರೆದರೆ ಒಂದು ಪಕ್ಷ ಸೇರಿದಂತೆ, ಮತ್ತು ನಾನು ಎರಡೂ ಮನೆಯಲ್ಲಿ ಊಟ ಮಾಡಬೇಕು.

ಗುರುತಿನ ಚೀಟಿಗಳ ವಿಷಯದಲ್ಲಿ ಮಾವನದು ಹಳೆಯ ಜಗಳ. ಪೇಪರ್ ಓದುತ್ತ, "ಮನುಷ್ಯ ಎದ್ರಿಗೆ ಕೂತಿದ್ರೂ ಕಾರ್ಡು ಕೊಡು ಹೇಳ್ತ. ನಮ್ಮ ಬದಿಗೆ ಇದೆಲ್ಲ ಎಂತಕ್ಕೆ?" ಎನ್ನುತ್ತಿದ್ದರು. ಅವರು ಹೇಳುವುದರಲ್ಲಿ ಹುರುಳಿದೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರಾತು?" ಎನ್ನುತ್ತಾರೆ. ಊರು ಹೇಳಿದರೆ "ಅಲ್ಲಿ ಯಾರ ಮನೆ ಹತ್ರ?" ಎನ್ನುತ್ತಾರೆ. ಅಷ್ಟೇ. ಜಾತಿ, ಬಳಗ, ಅಜ್ಜನ ಕಾಲದ ಪಾಲಿನ ಜಗಳ ಎಲ್ಲ ಅವರಿಗೆ ಸಿಕ್ಕಿರುತ್ತದೆ. ಕೇಳಿದ್ದು ಮಾತ್ರ ಊರು. ಧಾರವಾಡದಲ್ಲಿ ಓದುವಾಗ ನಾನು ಇದನ್ನು ಸೌಜನ್ಯ ಎಂದು ಗೆಳೆಯರ ಮುಂದೆ ಹೊಗಳುತ್ತಿದ್ದೆ. ಈಗ ಅನಿಸುತ್ತದೆ, ಸರ್ಕಾರವಾದರೂ ಕೇಳಬೇಕಾದ್ದನ್ನು ನೇರ ಕೇಳುತ್ತದೆ.

ಬ್ಯಾಂಕಿನ ಸಂದೇಶ ಬಂದ ದಿನವೇ ಮಾವ ನಿಯಮದ ಪಕ್ಷಕ್ಕೆ ಬಂದರು.

"ಸರ್ಕಾರ ಹೇಳಿದ್ದು ಸರಿ ಇದ್ದು. ಒಬ್ಬ ಮನುಷ್ಯಂಗೆ ಒಂದೇ ಹೆಸರು. ಪ್ಯಾನಲ್ಲಿ ಇಪ್ಪುದ್ನ ತೆಗಸ್ಲಿ, ಮುಗತ್ತು."

"ನಿನಗೆ ಯಾವುದು ಬೇಕು ಅತ್ತೆ?" ಎಂದು ಕೇಳಿದೆ.

"ಯಂಗೆ ಯಾವುದಾದ್ರೂ ಅಡ್ಡಿಲ್ಲೆ."

ಹೊರಗಿನವರಿಗೆ ಹೇಳಬೇಕೆಂದರೆ, ನಮ್ಮ ಕಡೆ ಅಡಿಗೆ ಬಹಳ ರುಚಿಯಾಗಿದ್ದರೂ "ಅಡ್ಡಿಲ್ಲೆ" ಎನ್ನುತ್ತಾರೆ, ಬಾಯಿಗಿಡಲು ಆಗದಂತಿದ್ದರೂ "ಅಡ್ಡಿಲ್ಲೆ" ಎನ್ನುತ್ತಾರೆ. ಬೇರೆ ಏನನ್ನು ಹೇಳಿದರೂ ಜಗಳವಾಗಬಹುದು ಎನಿಸಿದಲ್ಲಿ ಈ ಮಾತು ಬರುತ್ತದೆ. ಆ ದಿನದ ನನ್ನ ದಿನಚರಿಯಲ್ಲಿ "ಅತ್ತೆಯ ಒಪ್ಪಿಗೆ ಇದೆ" ಎಂದು ಬರೆದಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ "ಇಲ್ಲ" ಎಂದಿದೆ. ಎರಡೂ ನನ್ನದೇ ಅಕ್ಷರ. ಎರಡನೆಯದನ್ನು ಬರೆದದ್ದು ಸಂಜೆ ಇರಬೇಕು, ಅತ್ತೆ ಬಟ್ಟೆ ಮಡಚುತ್ತ ನನ್ನ ಹತ್ತಿರ ಇನ್ನೊಂದು ಮಾತು ಹೇಳಿದ ಮೇಲೆ.

"ನಿನ್ನಪ್ಪ ಹೋದ ಮೇಲೆ ಆ ಹೆಸರು ಹಿಡಿದು ಕರೆವವು ಯಾರೂ ಇಲ್ಲೆ ತಮಾ. ಆ ಕಾರ್ಡಲ್ಲಾದ್ರೂ ಇದ್ದಿತ್ತು."

ನನ್ನ ಅಪ್ಪ ಅವಳ ಅಣ್ಣ. ಯಲ್ಲಾಪುರದ ಹೆಸರನ್ನು ಅರ್ಧ ನುಂಗಿ, ಕೊನೆಯನ್ನು ಎಳೆದು ಕರೆಯುತ್ತಿದ್ದ.

ಶಿರಸಿಯ ಸೇವಾ ಕೇಂದ್ರಕ್ಕೆ ಮೂವರೂ ಹೋದೆವು. ನಾನೀಗ ಶಿರಸಿಯಲ್ಲೇ ಇರುವವನಾದ್ದರಿಂದ ಸರದಿ ಚೀಟಿ ಮೊದಲೇ ತೆಗೆದಿಟ್ಟಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ದಾಸನಕೊಪ್ಪದ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತಿತ್ತು.

"ಬರ್ರಿ ಅಜ್ಜಿ, ಕುಂದರ್ರಿ. ಯಾವ ಹೆಸರು ಇಟ್ಕೊಂತೀರಿ?"

ಉತ್ತರ ಕೊಟ್ಟದ್ದು ಮಾವ. "ಆಧಾರಲ್ಲಿ ಇಪ್ಪುದೇ ಇರ್ಲಿ. ಪ್ಯಾನಿಂದು ಬದಲ್ಸವು."

"ಹಂಗಾದ್ರ ಮದುವ್ಯಾಗ ಹೆಸರು ಬದಲಾತು ಅನ್ನೂದಕ್ಕ ದಾಖಲಿ ಏನರ ಐತೇನ್ರಿ ಅಜ್ಜಾರ?"

"ದಾಖಲೆ ಎಂತಕ್ಕೆ? ಆನೇ ಬರದ್ದು," ಎಂದು ಮಾವ ತಮ್ಮ ಎದೆ ಮುಟ್ಟಿ ತೋರಿಸಿದರು.

"ಎದರಾಗ ಬರದೀರಿ?"

"ಅಕ್ಕಿ ಮೇಲೆ."

ಹುಡುಗಿ ನನ್ನ ಮುಖ ನೋಡಿದಳು. ಅತ್ತೆ ಮೆಲ್ಲಗೆ ಹೇಳಿದಳು, "ಆ ಅಕ್ಕಿ ಭಟ್ರ ಮನೆಗೆ ಹೋತು."

ಲಗ್ನಪತ್ರಿಕೆ ಇದ್ದರೆ ತೋರಿಸಿ ಎಂದಳು ಹುಡುಗಿ. ಮಾವನಿಗೆ ಜೀವ ಬಂತು. ಮನೆಯಲ್ಲಿ ಜೋಪಾನ ಮಾಡಿಟ್ಟಿದ್ದ, ಅರಿಶಿನ ಮಾಸಿದ ಪತ್ರಿಕೆಯನ್ನು ಕೈಚೀಲದಿಂದ ತೆಗೆದು ಕೊಟ್ಟರು. ಅದರಲ್ಲಿ ಇದ್ದದ್ದು ಯಲ್ಲಾಪುರದ ಹೆಸರು. ಇರಲೇಬೇಕಲ್ಲ, ಪತ್ರಿಕೆ ಅಚ್ಚಾಗುವಾಗ ಮನ್ಮನೆಯ ಹೆಸರು ಇನ್ನೂ ಮಾವನ ತಲೆಯಲ್ಲೇ ಇತ್ತು. ಇದನ್ನು ನಾವ್ಯಾರೂ, ಓದಿಕೊಂಡ ನಾನೂ, ಯೋಚಿಸಿರಲಿಲ್ಲ.

"ಯಾವ ಕಡಿ ಬದಲ್ ಮಾಡಿದ್ರೂ ಅಫಿಡವಿಟ್ಟು, ಗೆಜೆಟ್ಟು ಅಂತ ಅಡ್ಡಾಡೂದು ತಪ್ಪಂಗಿಲ್ರಿ," ಎಂದಳು ಹುಡುಗಿ. "ಅಜ್ಜಿ, ನೀವ ಹೇಳ್ರಲ್ಲ, ಹೆಸರು ನಿಮ್ದು."

ಅತ್ತೆ ಮಾವನ ಕಡೆ ತಿರುಗಿದಳು. "ನಿಂಗ ಇಟ್ಟ ಹೆಸರನ್ನ ಒಂದ್ಸಲ ಕರೀರಿ. ಹಂಗಾರೆ ಅದೇ ಇರ್ಲಿ."

"ಇಲ್ಲಿಯಾ? ಇಷ್ಟು ಜನರ ಎದ್ರಿಗಾ? ಹೆಸರಿಟ್ಟವ ಆನೇಯ, ಮತ್ತೆ ಕರೆಯದೆಂತಕ್ಕೆ?"

"ನಿಂಗ ಬರದ್ರಿ, ಹೌದು. ಕರದ್ದು ಯಾವಾಗ?"

ಹಿಂದೆ ಸರದಿಯಲ್ಲಿದ್ದವರು ಮೊಬೈಲಿನಿಂದ ತಲೆ ಎತ್ತಿದರು. ಮಾವ ಪ್ರಯತ್ನಪಟ್ಟರು, ಅದಕ್ಕೆ ನಾನು ಸಾಕ್ಷಿ. ಬಾಯಿ ತೆರೆದರು. ಮೊದಲು ಕೆಮ್ಮು ಬಂತು. ಆಮೇಲೆ ಕಂಪ್ಯೂಟರಿನ ಕಡೆ ನೋಡುತ್ತ, "ಕೇಳ್ತಾ? ಹೊತ್ತಾತು" ಎಂದರು.

ಮೊದಲು ನಕ್ಕದ್ದು ಹುಡುಗಿ ಎಂದು ನನ್ನ ದಿನಚರಿ ಹೇಳುತ್ತದೆ. ತಾನು ಎಂದು ಅತ್ತೆ ಹೇಳುತ್ತಾಳೆ. ನಗು ನಿಂತ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು, ಹುಡುಗಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ತನ್ನ ಯಲ್ಲಾಪುರದ ಹೆಸರು ಹೇಳಿದಳು. "ಇದೇ ಇರ್ಲಿ" ಎಂದಳು. ಅದಕ್ಕೆ "ಅಡ್ಡಿಲ್ಲೆ" ಸೇರಿಸಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಬಾಳೆಹಣ್ಣು ತರಲು ಹೋದಾಗ ಮಾವ ನನ್ನ ಪಕ್ಕಕ್ಕೆ ಸರಿದು ಕೂತರು.

"ಆನಿಟ್ಟ ಹೆಸರು ಚಂದ ಇಲ್ಯನ ತಮಾ?"

ಅವರಿಗೆ ನಿಜಕ್ಕೂ ನೋವಾಗಿತ್ತು. ಅದನ್ನು ನೋಡುವವರೆಗೂ ನನಗೆ ಇದೆಲ್ಲ ಬರೆದಿಟ್ಟುಕೊಳ್ಳಲು ಒಳ್ಳೆಯ ತಮಾಷೆಯಾಗಿತ್ತು. ಏನು ಹೇಳಲಿ?

"ಅಡ್ಡಿಲ್ಲೆ ಮಾವ," ಎಂದೆ.

ಮುಂದಿನ ಕೆಲಸಕ್ಕೆಲ್ಲ ಮಾವನೇ ಓಡಾಡಿದರು. ವಕೀಲರ ಹತ್ತಿರ, ಹೆಸರು ಬದಲಾವಣೆಯ ಜಾಹೀರಾತಿಗೆ ಪೇಪರ್ ಕಚೇರಿಗೆ, ಮತ್ತೆ ಕೇಂದ್ರಕ್ಕೆ. ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು, ಸರ್ಕಾರವನ್ನು ಬೈಯುತ್ತ, ಅತ್ತೆಯನ್ನು ಒಂದು ಮಾತೂ ಅನ್ನದೆ. ನಾನು ಬರುತ್ತೇನೆ ಎಂದರೂ ಬಿಡಲಿಲ್ಲ. ಅರ್ಜಿಯಲ್ಲಿ ಹೊಸ ಹೆಸರನ್ನು, ಅಂದರೆ ಹಳೆಯದನ್ನು, ತಮ್ಮ ದುಂಡು ಅಕ್ಷರದಲ್ಲಿ ತಾವೇ ತುಂಬಿದರು. ಬರೆಯುವುದಕ್ಕೆ ಅವರಿಗೆ ಯಾವತ್ತೂ ಸಂಕೋಚ ಇರಲಿಲ್ಲ.

ಹೊಸ ಆಧಾರ್ ಕಾರ್ಡು ಬಂದ ದಿನ ನಾನು ಮನ್ಮನೆಯಲ್ಲಿದ್ದೆ. ಮಾವ ಜಗಲಿಯ ಮೆಟ್ಟಿಲಿಗೆ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಹೊಸದಾಗಿ ಬಂದ ಪೋಸ್ಟಿನವನು ಲಕೋಟೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ, ಈ ಹೆಸರಿನವರು ಇದೇ ಮನೆಯಲ್ಲಿ ಇದ್ದಾರಾ ಎಂದು ಕೇಳಿದ.

ಮಾವ ಪೇಪರಿನಿಂದ ಕಣ್ಣು ತೆಗೆಯಲಿಲ್ಲ. "ಅದು ಯಲ್ಲಾಪುರ ಬದಿ ಹೆಸರು. ಇಲ್ಲಿ ಆ ಹೆಸರಿನವ್ವು ಯಾರೂ ಇಲ್ಲೆ."

ಮರೆತು ಹೇಳಿದರೋ, ಬೇಕೆಂದೇ ಹೇಳಿದರೋ, ನನಗೆ ತೀರ್ಮಾನವಾಗಿಲ್ಲ. ತುಟಿಯ ತುದಿಯಲ್ಲಿ ನಗುವಿನಂಥದ್ದು ಏನೋ ಇತ್ತು ಎಂದು ನೆನಪು, ಆದರೆ ಅದನ್ನು ಅಲ್ಲಿ ಇಟ್ಟವನು ನಾನೂ ಇರಬಹುದು. ಪೋಸ್ಟಿನವನು ಲಕೋಟೆಯನ್ನು ಚೀಲಕ್ಕೆ ವಾಪಸು ಹಾಕುತ್ತಿದ್ದ. ಅಷ್ಟರಲ್ಲಿ ಅಡಿಗೆಮನೆಯಿಂದ, ಆ ಮನೆಯಲ್ಲಿ ನಾನು ಯಾವತ್ತೂ ಕೇಳದಷ್ಟು ದೊಡ್ಡ ದನಿ ಬಂತು.

"ಆನೇಯ ಅದು! ನಿಲ್ಲು, ಬಂದೆ!"

ಅತ್ತೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಮಾವ ಕಾಲು ಮಡಚಿ ದಾರಿ ಬಿಟ್ಟರು.