ಎಂಟನೇ ಪಿನ್

ಪಿನ್ನಿನ ಉದ್ದ ನಲವತ್ತು ಮಿಲಿಮೀಟರ್, ತಲೆಗೆ ಕೆಂಪು ಪಟ್ಟಿ. ಅಂಥವು ಎಂಟು.

ಎರಡು ವರ್ಷದ ಹಿಂದಿನ ಮಾತು. ನಾನು ಸಾಗರದ ಸಣ್ಣ ಕಂಪನಿಯೊಂದರಲ್ಲಿ ಟೆಸ್ಟ್ ಎಂಜಿನಿಯರ್. ಉಪಗ್ರಹದ ದೊಡ್ಡ ಆಂಟೆನಾ ಬಿಚ್ಚಿದ ಸ್ಥಿತಿಯಲ್ಲಿ ರಾಕೆಟ್ಟಿನೊಳಗೆ ಹಿಡಿಸುವುದಿಲ್ಲ. ಕೊಡೆಯಂತೆ ಮಡಚಿ ಕಳಿಸುತ್ತಾರೆ. ಮೇಲೆ ಹೋದ ಮೇಲೆ ಮೋಟಾರು ಅದರ ಕಡ್ಡಿಗಳನ್ನು ಅರಳಿಸಿ ತಂತಿಯ ಬಲೆಯನ್ನು ಬಿಗಿಯುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಬಿಡಿಸಲು ಯಾರೂ ಇಲ್ಲ. ಆದ್ದರಿಂದ ಮಾದರಿಯೊಂದನ್ನು ನೆಲದ ಮೇಲೆ ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದೆವು. ಪ್ರತಿ ಕಡ್ಡಿಗೂ ಒಂದು ಸುರಕ್ಷತಾ ಪಿನ್. ಎಂಟನ್ನೂ ಕಳಚಿದ ಮೇಲೆಯೇ ಮೋಟಾರು.

ಪಿನ್ ಕಳಚಿ ಟ್ರೇಗೆ ಹಾಕುವವಳು ನಾನು. ಆಂಟೆನಾದ ಆಚೆ ಬದಿಯಲ್ಲಿ ಪರಿಶೀಲನಾ ಪಟ್ಟಿಗೆ ಗುರುತು ಹಾಕಿ ಮೋಟಾರು ಚಾಲೂ ಮಾಡುವವರು ತೀರ್ಥಹಳ್ಳಿಯ ಟೆಕ್ನಿಷಿಯನ್ ಸತೀಶ್. ಕೆಲಸದ ಜಾಗದಲ್ಲಿ ನಾನು ಮನೆಮಾತು ಆಡುತ್ತಿರಲಿಲ್ಲ. “ನಿಮ್ ಕನ್ನಡ ರೇಡಿಯೋ ವಾರ್ತೆ ಇದ್ದಂಗೆ ಮೇಡಂ,” ಎಂದು ಅವರು ಕಾಡುತ್ತಿದ್ದರು.

ಆ ದಿನ ಎಂಟನೇ ಪಿನ್ ಬಿಗಿದುಕೊಂಡಿತ್ತು. ಇಕ್ಕಳಕ್ಕಾಗಿ ತಿರುಗಿದಾಗ ಹೆಡ್‌ಸೆಟ್ಟಿನಲ್ಲಿ ಸತೀಶ್, “ಎಂಟನೇದು ಟ್ರೇಲಿ ಇದ್ಯಾ ಮೇಡಂ?” ಎಂದರು. ಇಲ್ಲವೆಂದೆ. ಆದರೂ ಮೋಟಾರು ಚಾಲೂ ಆಯಿತು. ಏಳು ಕಡ್ಡಿಗಳು ಅರಳಿದವು, ಎಂಟನೆಯದು ಅಲುಗಲಿಲ್ಲ. ಬಲೆ ಎರಡು ಗೇಣು ಹರಿಯಿತು.

“ಮೇಡಂ ‘ಇಲ್ಲೇ’ ಅಂದ್ರು ಸಾರ್, ಅದ್ಕೇ ಹಾಕ್ದೆ,” ಎಂದರು ಸತೀಶ್ ಮ್ಯಾನೇಜರ್ ಮುಂದೆ.

“ನಾನು ಇಲ್ಲ ಅಂತಲೇ ಹೇಳಿದ್ದು,” ಎಂದೆ. ಹಾಗೆಂದು ಬರೆದೂ ಕೊಟ್ಟೆ. ಪರಿಶೀಲನಾ ಪಟ್ಟಿಯಲ್ಲಿದ್ದ ಗುರುತು ಸತೀಶರದು. ಆ ವಾರ ಮುಂದುವರಿಯಬೇಕಿದ್ದ ಅವರ ಗುತ್ತಿಗೆಯನ್ನು ಮ್ಯಾನೇಜರ್ ತಡೆಹಿಡಿದರು.

ಸಂಜೆ ಮನೆಯಲ್ಲಿ ಕೂರಲಾಗಲಿಲ್ಲ. ಸತೀಶ್ ಸುಳ್ಳು ಹೇಳುವವರಲ್ಲ. ನಾನೂ ಹೇಳಿರಲಿಲ್ಲ. ಒಳಗೂ ಹೊರಗೂ ತಿರುಗುತ್ತಿದ್ದವಳನ್ನು ಅಮ್ಮ ತಡೆದಳು.

“ಎಂತಾತೇ ಕೂಸೇ? ಹಶಿವಿದ್ದಾ?”

“ಇಲ್ಲೆ,” ಎಂದೆ.

ಎಂದವಳು ಹಾಗೆಯೇ ನಿಂತೆ. ನಮ್ಮ ಮನೆಮಾತಿನಲ್ಲಿ ‘ಇಲ್ಲ’ ಎನ್ನುವುದು ಹೀಗೆ. ಬೆಳಿಗ್ಗೆ ಅವಸರದಲ್ಲಿ ಬಾಯಿಗೆ ಬಂದದ್ದೂ ಇದೇ. ಸತೀಶರ ಕಿವಿಗೆ ಅದು ‘ಇಲ್ಲಿಯೇ ಇದೆ’.

ಈಗ ನಾವು ಪಿನ್ನಿನ ಸಂಖ್ಯೆ ಹೇಳಿ, ‘ಹೊರಗೆ’ ಅಥವಾ ‘ಒಳಗೆ’ ಎನ್ನುತ್ತೇವೆ. ಕೇಳಿದವರು ಅದನ್ನು ತಿರುಗಿ ಹೇಳಬೇಕು. ನಾನು ಸರಿಯಾಗಿ ಹೇಳಿದರೆ ಸಾಲದು, ಎದುರಿನವರಿಗೆ ಕೇಳಿಸಿದ್ದೇನು ಎಂಬುದೂ ನನ್ನದೇ ಕೆಲಸ. ಅಂದು ಕಲಿತದ್ದು ಇಷ್ಟು.

ಆ ಸಂಜೆಯ ಮರುದಿನ ಬೆಳಿಗ್ಗೆ ಸತೀಶರನ್ನೂ ಕರೆಸಿಕೊಂಡು, ಮ್ಯಾನೇಜರ್ ಮುಂದೆ ಆ ಪದವನ್ನು ಅಮ್ಮನಿಗೆ ಹೇಳುವಂತೆಯೇ ಹೇಳಿದೆ.

“ಅಲ್ಲ ಮೇಡಂ, ಇಷ್ಟ್ ದಿನ ಮನೆಮಾತು ಮುಚ್ಚಿಟ್ಕೊಂಡು ನಿನ್ನೆನೇ ಬಿಡ್ಬೇಕಿತ್ತಾ!” ಎಂದರು ಸತೀಶ್. ಅವರ ಮುಖದಲ್ಲಿ ನಗುವಿರಲಿಲ್ಲ.

ಹಿಂದಿನ ದಿನದ ಹೇಳಿಕೆಯನ್ನು ವಾಪಸ್ ಪಡೆದೆ. ಹೊಸ ಹಾಳೆಯಲ್ಲಿ ‘ತಪ್ಪು ಯಾರದು’ ಎಂಬುದರ ಮುಂದೆ ನನ್ನ ಹೆಸರು ಬರೆದು ಸಹಿ ಹಾಕಿದೆ.