ಅಂದವಾಗಿ ಸುತ್ತಿಟ್ಟ ಹಗ್ಗ

ಮಿಲಿಯಾನಾಳಿಗೆ ತಾರಾ ಹೊಳೆಯ ಹುಚ್ಚು ಹಿಡಿಸಿದವನು ಅವಳ ಅಜ್ಜ. ಪೈನ್ ದಿಮ್ಮಿಗಳನ್ನು ತೆಪ್ಪ ಕಟ್ಟಿ ಕಣಿವೆಯುದ್ದಕ್ಕೂ ತೇಲಿಸಿಕೊಂಡು ಹೋಗುತ್ತಿದ್ದ ಆಳು ಅವನು. ದಿಮ್ಮಿಯ ಕಾಲ ಮುಗಿದು ಊರಿನ ಗಂಡಸರೆಲ್ಲ ರಬ್ಬರ್ ದೋಣಿಯಲ್ಲಿ ಪ್ರವಾಸಿಗರನ್ನು ಸಾಗಿಸತೊಡಗಿದಾಗ, "ದಿಮ್ಮಿಗಳೇ ವಾಸಿ, ಕಿರುಚ್ತಿರ್ಲಿಲ್ಲ" ಎನ್ನುತ್ತಿದ್ದ. ಮೊಮ್ಮಗಳಿಗೆ ಮಾತ್ರ ಆ ಕಿರುಚಾಟವೂ ಬೇಕು, ಬಂಡೆಗೆ ಬಡಿದು ಏಳುವ ಬಿಳಿ ನೊರೆಯೂ ಬೇಕು. ಹೊಲಿಗೆ ಕಲಿಯಲೆಂದು ಪಟ್ಟಣದ ಬಸ್ಸು ಹತ್ತಿಸಿದರೆ ಸೇತುವೆಯ ಹತ್ತಿರವೇ ಇಳಿದುಬಿಡುತ್ತಿದ್ದಳು.

ಹೆಣ್ಣಿನ ಕೈಗೆ ಹುಟ್ಟು ಕೊಡಲು ಊರಿನಲ್ಲಿ ಯಾರಿಗೂ ಮನಸ್ಸಿಲ್ಲ. ಕೊಟ್ಟವನು ರಕ್ಷಣಾ ತಂಡದ ಮುಖ್ಯಸ್ಥ ವಿದೋಯೆ ಒಬ್ಬನೇ. ಅವಳು ಮಾಮ ಎಂದು ಕರೆಯುತ್ತಿದ್ದ ಅವನದು ಮಾತು ಕಮ್ಮಿ, ಆಡಿದರೆ ಅರ್ಧ ಬೈಗುಳ. "ಹೊಳೆ ಜೊತೆ ಜಗಳಕ್ಕೆ ನಿಲ್ಬೇಡ ಕಣೇ ಪೆದ್ದಿ, ಅದು ಎಳೆದ ಕಡೆ ಹೋಗಿ ಆಮೇಲೆ ತಪ್ಪಿಸ್ಕೋ" ಎಂದು ಬೈದು ಬೈದೇ ಅವಳನ್ನು ದೋಣಿ ನಡೆಸುವವಳನ್ನಾಗಿ ಮಾಡಿದ, ಆಮೇಲೆ ತನ್ನ ತಂಡಕ್ಕೂ ಸೇರಿಸಿಕೊಂಡ. ಮುಳುಗುವವನನ್ನು ಹಿಂದಿನಿಂದ ಹಿಡಿಯುವುದು, ದಡದಿಂದ ಹಗ್ಗದ ಚೀಲ ಎಸೆಯುವುದು, ಎಲ್ಲ ಅವನೇ ಕಲಿಸಿದ. ಹಗ್ಗವನ್ನು ಚೀಲಕ್ಕೆ ಹಿಡಿಹಿಡಿಯಾಗಿ ಅಡ್ಡಾದಿಡ್ಡಿ ತುರುಕಬೇಕು, ಆಗ ಎಸೆದಾಗ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಸುರುಳಿ ಸುತ್ತಿಟ್ಟರೆ ಗಂಟು ಬೀಳುತ್ತದೆ.

ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು, ಅದೇ ಅವಳನ್ನು ತಿನ್ನುವುದು. ಹಗ್ಗ ಮುದ್ದೆಯಾಗಿ ಬಿದ್ದಿದ್ದರೆ ಆ ಮನೆಯವರು ಸೋಮಾರಿಗಳು ಎಂಬುದು ತೆಪ್ಪದವರ ಲೆಕ್ಕಾಚಾರ. ಒಂದು ಸಂಜೆ ವಿದೋಯೆಯ ಹಗ್ಗ ಬೇಲಿಯ ಮೇಲೆ ಒಣಗುತ್ತಿತ್ತು. ಮಾಮನಿಗೊಂದು ಉಪಕಾರವಾಗಲಿ ಎಂದುಕೊಂಡಳು. ಮನಸ್ಸು ಇನ್ನೆಲ್ಲೋ ಇತ್ತು, ಕೈ ಮಾತ್ರ ಅಜ್ಜ ಕಲಿಸಿದ ಹಾಗೆ ಒಂದೇ ಅಳತೆಯ ಸುರುಳಿ ಸುತ್ತಿ ಚೀಲಕ್ಕಿಳಿಸಿತು.

ಮರುದಿನ ಪ್ರವಾಸಿಯೊಬ್ಬ ನೀರಿಗೆ ಬಿದ್ದ. ಬಂಡೆಯ ಮೇಲಿದ್ದ ವಿದೋಯೆ ಚೀಲ ಎಸೆದ. ಹಗ್ಗ ಅರ್ಧ ದಾರಿಯಲ್ಲೇ ಗಂಟುಬಿದ್ದು ನೀರಿಗೆ ಕುಕ್ಕರಿಸಿತು. ವಿದೋಯೆ ತಾನೇ ಧುಮುಕಿದ. ಪ್ರವಾಸಿ ಬದುಕಿದ, ವಿದೋಯೆಯ ಮೊಣಕಾಲು ಬಂಡೆಗಳ ನಡುವೆ ಸಿಕ್ಕಿ ನುಚ್ಚುನೂರಾಯಿತು. ಚೀಲ ತುಂಬಿದ್ದು ಯಾರು ಎಂದು ವಿಚಾರಣೆಯವರು ಕೇಳಿದಾಗ ಆಸ್ಪತ್ರೆಯ ಹಾಸಿಗೆಯಿಂದ "ನಾನೇ" ಅಂದ. ಪಕ್ಕದಲ್ಲೇ ನಿಂತಿದ್ದ ಮಿಲಿಯಾನಾ ಬಾಯಿ ಬಿಡಲಿಲ್ಲ. ಬಿಡಬೇಕಿತ್ತು.

ವಿದೋಯೆಗೆ ಅರಳುಮರಳು ಎಂದು ಊರು ಆಡಿಕೊಂಡಿತು. ಅವನ ಜಾಗ ಅವಳಿಗೇ ಬಂತು. ಚಳಿಗಾಲವಿಡೀ ಅವನ ಮನೆಗೆ ಗಿಣ್ಣು ಒಯ್ದಳು, ಸೌದೆ ಒಡೆದುಕೊಟ್ಟಳು, ಆ ಒಂದು ಮಾತು ಬಿಟ್ಟು ಮಿಕ್ಕೆಲ್ಲ ಆಡಿದಳು.

ಮೇ ತಿಂಗಳಲ್ಲಿ, ಮೊದಲ ದೋಣಿ ನೀರಿಗಿಳಿಯುವ ದಿನ, ಎಲ್ಲರೂ ದಡದಲ್ಲಿ ಸೇರಿದರು. ಪದ್ಧತಿಯಂತೆ ಹೊಸ ಮುಖ್ಯಸ್ಥೆ ಹೊಳೆಗೊಂದು ಗುಟುಕು ರಾಕಿಯಾ ಸಾರಾಯಿ ಸುರಿಯಬೇಕು. ಅವಳು ಲೋಟ ಎತ್ತಿದಾಗ ದೋಣಿಯವನೇ ಆದ ಒಬ್ರಾದ್ ಕೂಗಿದ: "ವಿದೋಯೆ ಅಣ್ಣಾ, ನಿನ್ ಚೀಲ ಎಲ್ಲಿ? ಅತ್ತಿಗೆ ಅದ್ರಲ್ಲಿ ಈರುಳ್ಳಿ ತುಂಬಿಟ್ಟವ್ರಾ?"

ಎಲ್ಲರೂ ನಕ್ಕರು. ಊರುಗೋಲಿನ ಮೇಲೆ ವಾಲಿ ನಿಂತಿದ್ದ ವಿದೋಯೆಯೂ ನಕ್ಕ. ಅವನೂ ನಕ್ಕಿದ್ದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಹತ್ತಿರ ಹೋಗಿ, "ಮಾಮ, ಆ ಚೀಲ..." ಎಂದಳು.

"ಬಾಯ್ಮುಚ್ಚು" ಎಂದು ಅವನು ಹಲ್ಲು ಕಚ್ಚಿದ. "ನನ್ ಹೆಸ್ರಂತೂ ಹೋಯ್ತು. ನಿಂದೂ ಹೋದ್ರೆ ನಿನ್ ದೋಣಿ ಯಾವನು ಹತ್ತಾನೆ?"

"ನಿಂಗೆ ಗೊತ್ತಿತ್ತಾ?"

"ನಿನ್ನಜ್ಜನ ಸುರುಳಿ ನಂಗೆ ಗೊತ್ತಾಗಲ್ವೇನೇ? ಗಂಟುಬಿದ್ದ ಹಗ್ಗ ನೋಡಿದ್ ತಕ್ಷಣ ಗೊತ್ತಾಯ್ತು."

ಲೋಟವನ್ನು ಕಲ್ಲಿನ ಮೇಲಿಟ್ಟು ಅವಳು ಜನರ ಕಡೆ ತಿರುಗಿದಳು. "ಹೋದ ವರ್ಷ ಮಾಮನ ಚೀಲ ತುಂಬಿದ್ದು ನಾನು. ಸುರುಳಿ ಸುತ್ತಿದ್ದೂ ನಾನೇ. ಅವನು ನನ್ನ ಉಳಿಸೋಕೆ ಸುಳ್ಳು ಹೇಳಿದ, ನಾನು ಕೇಳ್ಕೊಂಡು ಸುಮ್ನಿದ್ದೆ."

ಒಬ್ರಾದನ ನಗು ಇಂಗಿಹೋಯಿತು. ದೋಣಿಯ ಕಡೆ ಹೊರಟಿದ್ದವರು ನಿಂತಲ್ಲೇ ನಿಂತರು. ಅಷ್ಟು ದಿನ ಹೊತ್ತ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು, ಇಳಿಯಲಿಲ್ಲ. ಹುಟ್ಟು ಯಾರ ಕೈಗೆ ಕೊಡಲಿ ಎಂದು ಅವಳು ನೋಡುತ್ತಿದ್ದಾಗ ಜಲ್ಲಿಯ ಮೇಲೆ ಊರುಗೋಲಿನ ಸದ್ದಾಯಿತು.

ವಿದೋಯೆ ಕುಂಟುತ್ತಾ ಬಂದು ಅವಳ ದೋಣಿಯ ಅಂಚಿನಲ್ಲಿ ಕೂತ. ಮಡಚಲಾಗದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡ.

"ಏನ್ ನೋಡ್ತಿದೀಯ? ಹಗ್ಗ ತಗೊಂಡ್ ಬಾ. ನನ್ನೆದುರಿಗೇ ತುಂಬು."

ಅವಳು ಅವನ ಪಕ್ಕ ಮಂಡಿಯೂರಿ, ಹಿಡಿಹಿಡಿಯಾಗಿ, ಅಡ್ಡಾದಿಡ್ಡಿಯಾಗಿ ಹಗ್ಗ ತುರುಕಿದಳು. ಒಬ್ಬೊಬ್ಬರಾಗಿ ಜನ ದೋಣಿ ಹತ್ತಿದರು. ಅವಳು ತಲೆಯೆತ್ತಲಿಲ್ಲ. ಆ ಕಾಲು ಅವಳ ಮುಂದೆಯೇ ಚಾಚಿಕೊಂಡಿತ್ತು.