ಶ್ರೀ ಸಂಗಡಿಗರು ಅವರಿಗೆ

ಕ್ಯಾಸೆಟ್ ಕಾಕಾನ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಉಳಿದ ಒಂಬತ್ತನ್ನು ರವಿವಾರಕ್ಕೊಮ್ಮೆ ತಪ್ಪದೆ ಕತ್ತರಿಸಿಕೊಳ್ಳುವ ಮನುಷ್ಯ ಇದೊಂದನ್ನು ಮಾತ್ರ ಮುದ್ದಿನಿಂದ ಸಾಕಿದ್ದರು. ಕ್ಯಾಸೆಟ್ಟಿನೊಳಗೆ ಸಿಕ್ಕಿಕೊಂಡ ಟೇಪನ್ನು ಹೊರಗೆಳೆಯಲು ಅದು ಬೇಕಿತ್ತಂತೆ. ಕ್ಯಾಸೆಟ್ಟುಗಳ ಕಾಲ ಹೋಗಿ ಎಷ್ಟೋ ವರ್ಷವಾದರೂ ಉಗುರು ಹೋಗಿರಲಿಲ್ಲ. ನಾನು ನೋಡುವಾಗ ಅದರಿಂದ ಮೊಬೈಲಿನ ಸಿಮ್ ತೆಗೆಯುತ್ತಿದ್ದರು.

ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿಗೇ ಅವರ ಅಂಗಡಿ. ಒಂದು ಕಾಲಕ್ಕೆ ಹಿಂದಿನ ಕೋಣೆಯ ಗೋಡೆಗಳಿಗೆ ಗಾದಿ ಕಟ್ಟಿ, ಸುತ್ತಲ ಊರುಗಳ ಭಜನಾ ಮೇಳಗಳನ್ನು ಕರೆಸಿ, ತಾವೇ ಧ್ವನಿಮುದ್ರಿಸಿ ಮಾರುತ್ತಿದ್ದರು. ಗಾದಿ ಎಷ್ಟು ದಪ್ಪವಿದ್ದರೂ ಬಸ್ಸು ಕೇಳುತ್ತಿತ್ತು. ಒಂದು ತತ್ವಪದದಲ್ಲಿ, ಈ ಜೀವ ಕಡೆಗೆ ಎಲ್ಲಿಗೆ ಹೋಗುತ್ತದೆ ಎಂದು ಹಾಡುಗಾರ ಕೇಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಕಂಡಕ್ಟರ್ "ರೋಣ, ರೋಣ, ರೋಣ" ಎಂದು ಕೂಗುವುದು ಸ್ಪಷ್ಟವಾಗಿ ದಾಖಲಾಗಿದೆ.

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ನರಗುಂದದಿಂದ ವರ್ಗವಾಗಿ ಬಂದ ವಾರದಲ್ಲೇ ರೀಚಾರ್ಜಿಗೆಂದು ಹೋಗಿ ಕಾಕಾನ ಕೈಗೆ ಸಿಕ್ಕಿಬಿದ್ದೆ. "ಬಾಯಾರ, ನಿಮಗ ಇಂಗ್ಲೀಷ್ ಬರ್ತೈತಂತಲ್ಲ, ಇದೊಂದ ಕಾಗದ ಓದಿ ಹೇಳ್ರಿ," ಎಂದು ಲಕೋಟೆಯೊಂದನ್ನು ಮುಂದಿಟ್ಟರು. ಅವರ ಹಳೆಯ ಹಾಡುಗಳನ್ನು ಈಗ ಜನ ಮೊಬೈಲಿನಲ್ಲಿ ಕೇಳುತ್ತಿದ್ದರು. ಹಾಗೆ ಕೇಳಿದ್ದಕ್ಕೆ ಹಾಡಿದವರಿಗೆ ರಾಯಲ್ಟಿ ಹಂಚುವ ಕಚೇರಿಯೊಂದು ಮುಂಬೈಯಲ್ಲಿದೆ ಎಂದು ತಿಳಿದು, ಕಾಕಾ ತಮ್ಮ ಎಲ್ಲ ಕ್ಯಾಸೆಟ್ಟುಗಳ ಪಟ್ಟಿ ಕಳಿಸಿದ್ದರು. ಇದು ಅದಕ್ಕೆ ಬಂದ ಉತ್ತರ. ನಿಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಡಿದವರು ಶ್ರೀ ಸಂಗಡಿಗರು. ಅವರು ಈ ವರ್ಷದೊಳಗೆ ಗುರುತಿನ ಚೀಟಿಯೊಂದಿಗೆ ಮುಂದೆ ಬರದಿದ್ದರೆ ಕಡತ ಮುಚ್ಚಲಾಗುವುದು ಎಂದಿತ್ತು.

ಪ್ರತಿ ಕ್ಯಾಸೆಟ್ಟಿನ ಮೇಲೂ ಮುಖ್ಯ ಹಾಡುಗಾರರ ಹೆಸರಿನ ಮುಂದೆ 'ಮತ್ತು ಸಂಗಡಿಗರು' ಎಂದು ಕಾಕಾ ಅಚ್ಚು ಹಾಕಿಸಿದ್ದರು. ಮುಂಬೈಯವರು ಅದನ್ನು ಒಬ್ಬ ಮನುಷ್ಯನ ಹೆಸರೆಂದು ತಿಳಿದಿದ್ದರು. ನಾನು ನಕ್ಕು ನಕ್ಕು ಸುಸ್ತಾದೆ. ಕಾಕಾ ನಗಲಿಲ್ಲ.

"ನಗಬ್ಯಾಡ್ರಿ ಬಾಯಾರ. ಆ ಮನಶ್ಯಾನ್ನ ಹುಟ್ಟಿಸಿದಾಂವ ನಾನ. ಕ್ಯಾಸೆಟ್ಟಿನ ಮ್ಯಾಲಿನ ಚೀಟಿ ಸಣ್ಣದಿತ್ತು, ಹೆಸರು ಭಾಳ ಇದ್ದೂ."

ಆ ಹೆಸರುಗಳಲ್ಲಿ ನೇಕಾರ ಓಣಿಯ ಗಂಗವ್ವಜ್ಜಿಯದೂ ಒಂದು. ಸೊಸೆಯ ಹೆಸರು ಕ್ಯಾಸೆಟ್ಟಿನ ಮೇಲೆ ಬರಕೂಡದೆಂದು ಆಗ ಮಾವ ಹಟ ಹಿಡಿದಿದ್ದರಿಂದ ಸಂಗಡಿಗರಲ್ಲಿ ಅಡಗಿ ಹಾಡಿದವಳು. ಈಗ ಆ ಕ್ಯಾಸೆಟ್ಟಿನ ಮುಖ್ಯ ಗಾಯಕಿ ತೀರಿಹೋಗಿದ್ದರು. ಜನ ಮತ್ತೆ ಮತ್ತೆ ಕೇಳುತ್ತಿದ್ದ ಹಾಡಿನಲ್ಲಿ ಎದ್ದು ಕೇಳುತ್ತಿದ್ದುದು ಈ ಅಜ್ಜಿಯದೇ ದನಿ. ಅದನ್ನು ಅವಳ ಸ್ವಂತ ಮೊಮ್ಮಗಳೇ ನಂಬುತ್ತಿರಲಿಲ್ಲ. "ರೊಕ್ಕ ಬಂದ್ರ ಬರಲಿ, ಬಿಟ್ರ ಬಿಡಲಿ. ಹಾಡಿದಾಕಿ ನಾನ ಅಂತ ಒಮ್ಮೆ ಬರಸ್ರಿ," ಎಂದು ಮಗ್ಗ ಬಿಟ್ಟು ಬಂದು ಅಂಗಡಿಯಲ್ಲೇ ಕೂತಳು.

ಸಂಗಡಿಗರು ಯಾರ್ಯಾರೆಂದು ಗುರುತಿಸಲು ಕಾಕಾ ಕಿವಿಗೆ ಹೆಡ್‌ಫೋನ್ ಏರಿಸಿ ಹಳೆಯ ಟೇಪುಗಳನ್ನೆಲ್ಲ ಕೇಳತೊಡಗಿದರು. "ಈ ಕೆಮ್ಮ ಲಕ್ಕಲಕಟ್ಟಿ ಊರಾಂವಂದು. ಬರಕೋರಿ," ಎನ್ನುವರು. ನಾನು ಬರೆದುಕೊಳ್ಳುವೆ. ಶಾಲೆ ಬಿಟ್ಟ ಮೇಲೆ ಅವರ ಮೊಪೆಡ್ ಹಿಂದೆ ಅರ್ಜಿಗಳ ಕಟ್ಟು ಹಿಡಿದು ಕೂರುವ ಕೆಲಸವೂ ನನ್ನ ಪಾಲಿಗೇ ಬಂತು. ಅಸೂಟಿಯಲ್ಲಿ, ತಾಳ ಬಾರಿಸುತ್ತ ದನಿಗೂಡಿಸುತ್ತಿದ್ದವನ ಮನೆಗೆ ಹೋಗಿ, "ನಿಂದು ರಾಯಲ್ಟಿ ಬಾಕಿ ಐತೆಪಾ," ಎಂದು ಕಾಕಾ ಅಂದದ್ದೇ ತಪ್ಪಾಯಿತು. ನಮ್ಮ ಕಡೆ ರಾಯಲ್ಟಿ ಎಂದರೆ ಉಸುಕು ಅಗೆದವರು ಸರ್ಕಾರಕ್ಕೆ ಕಟ್ಟುವ ದುಡ್ಡು. "ನಾ ಉಸುಕ ಮುಟ್ಟಿಲ್ರೀ, ದೇವರಾಣಿ!" ಎನ್ನುತ್ತ ಅವನು ಹಿತ್ತಿಲ ಬಾಗಿಲಿನಿಂದ ಓಟ ಕಿತ್ತ. "ಏ, ಇದು ಕೊಡೂದಲ್ಲೋ, ಇಸ್ಕೊಳ್ಳೂದು!" ಎಂದು ಕೂಗುತ್ತ ಕಾಕಾ ಧೋತರ ಎತ್ತಿಕೊಂಡು ಜೋಳದ ಹೊಲದಲ್ಲಿ ಬೆನ್ನು ಹತ್ತಿದರು. ಅವನ ಸಹಿ ಮಾಡಿಸಿಕೊಂಡು ಬರುವಾಗ ಇಬ್ಬರ ಮೈತುಂಬ ಮಣ್ಣು.

ವರ್ಷದ ಕಡೆಯ ವಾರ ಮುಂಬೈಯ ಅಧಿಕಾರಿಣಿ ವಿಡಿಯೋ ಕರೆಯಲ್ಲಿ ಸಂಗಡಿಗರನ್ನು ನೋಡಬೇಕೆಂದರು. ಸಿಕ್ಕ ಹದಿನಾರು ಹೆಸರುಗಳಲ್ಲಿ ಇಬ್ಬರು ತೀರಿಕೊಂಡಿದ್ದರು. ಉಳಿದ ಹದಿನಾಲ್ಕು ಜನರನ್ನು ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ಮದುವೆ ಫೋಟೋದ ಹಾಗೆ ನಿಲ್ಲಿಸಿದರು. ಇವರಲ್ಲಿ ಸಂಗಡಿಗರು ಯಾರು ಎಂದು ಆಕೆ ಹಿಂದಿಯಲ್ಲಿ ಕೇಳಿದ್ದೇ ತಡ, ಅಷ್ಟೂ ಜನ ಕೈಯೆತ್ತಿ, "ನಾವ್ರೀ!" ಎಂದರು. ನಾನು ವಿವರಿಸಿದೆ. ಕಾಕಾ ತಮ್ಮ ಹಿಂದಿಯಲ್ಲಿ ವಿವರಿಸಿ, ನಾನು ತಿಳಿಸಿದ್ದನ್ನೂ ಕೆಡಿಸಿದರು. ಕೊನೆಗೆ ಆಕೆ, ಜನ ಮತ್ತೆ ಮತ್ತೆ ಕೇಳುವ ಆ ಹಾಡಿನಲ್ಲಿ ಎದ್ದು ಕೇಳುವ ಹೆಣ್ಣುದನಿ ಯಾರದೋ ಅವರು ಹಾಡಿ ತೋರಿಸಲಿ ಎಂದರು.

ಗಂಗವ್ವಜ್ಜಿ ಬಾಯಿ ತೆರೆದಳು. ದನಿ ಹೊರಡಲಿಲ್ಲ. "ನಾ ಎಂದೂ ಮೊದಲ ಹಾಡಿದಾಕಿ ಅಲ್ರೀ. ಮುಂದ ಯಾರರ ಹಾಡಿದ್ರ ಹಿಂದ ಬರ್ತೇನಿ," ಎಂದಳು. ಮುಂದೆ ಹಾಡುತ್ತಿದ್ದವರು ಬದುಕಿರಲಿಲ್ಲ. ಅಧಿಕಾರಿಣಿ ಗಡಿಯಾರ ನೋಡಿಕೊಂಡರು. ಇಷ್ಟು ಓಡಾಡಿದ್ದೆಲ್ಲ ಇಲ್ಲಿಗೆ ಮುಗಿಯಿತು ಎಂದು ನನಗೆ ಅಳುವೇ ಬಂತು.

ಆಗ ಕಾಕಾ ಹಾಡಿದರು. ಅಷ್ಟು ವರ್ಷ ಎಲ್ಲರನ್ನೂ ಹಾಡಿಸಿದ ಮನುಷ್ಯ ತಾನೇಕೆ ಹಾಡಿರಲಿಲ್ಲ ಎಂಬುದು ಆಗ ತಿಳಿಯಿತು. ಮೆಟ್ಟಿಲ ಕೆಳಗೆ ಮಲಗಿದ್ದ ನಾಯಿ ಎದ್ದು ನಿಲ್ದಾಣದ ಕಡೆ ಹೊರಟುಹೋಯಿತು. ಮೊದಲ ಸಾಲು ಮುಗಿಯುವಷ್ಟರಲ್ಲಿ ಗಂಗವ್ವಜ್ಜಿಗೆ ತಡೆಯಲಾಗಲಿಲ್ಲ. "ಸಾಕ ನಿಂದರ್ರಿ, ಹಾಡ ಸಾಯತೈತಿ!" ಎಂದು ಬೈದವಳು ಅದೇ ಉಸಿರಿನಲ್ಲಿ ತಾನೇ ಎತ್ತಿಕೊಂಡಳು. ದನಿಗೆ ವಯಸ್ಸಾಗಿತ್ತು, ಆದರೆ ಅದೇ ದನಿ. ಮೊಮ್ಮಗಳು ಬಾಯಿಗೆ ಕೈ ಹಚ್ಚಿಕೊಂಡು ನಿಂತಳು. ಅಧಿಕಾರಿಣಿ ಪೂರ್ತಿ ಕೇಳಿ, ಇವರ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಎಂದರು.

"ಮುದ್ದಾಂ, ಬೇಕಂತನ ಕೆಟ್ಟ ಹಾಡಿದೆ ಬಾಯಾರ," ಎಂದು ಕಾಕಾ ಆಮೇಲೆ ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ನಾನಂತೂ ನಂಬಲಿಲ್ಲ.

ಮುಂಬೈಯಿಂದ ತಿದ್ದಿದ ಪಟ್ಟಿ ಬಂದ ದಿನ ಕಾಕಾ ಎಲ್ಲರನ್ನೂ ಸೇರಿಸಿ, ಗಟ್ಟಿಯಾಗಿ ಓದಿರೆಂದು ನನಗೆ ಹೇಳಿದರು. ಶಾಲೆಯ ಹಾಜರಿಯಂತೆ ಓದಿದೆ. ಒಬ್ಬೊಬ್ಬರೂ ಎದ್ದು, ಇದ್ದೇನೆ ಎನ್ನುವ ಹಾಗೆ, "ಅದೀನ್ರಿ" ಎಂದರು. ಗಂಗವ್ವಜ್ಜಿ ತನ್ನ ಹೆಸರನ್ನು ಮೂರು ಸಲ ಓದಿಸಿದಳು. ತೀರಿಕೊಂಡವರ ಹೆಸರು ಬಂದಾಗ ನಾನು ತಡವರಿಸಿದೆ. "ಅದಾರ, ಮುಂದ ಓದ್ರಿ," ಎಂದರು ಕಾಕಾ.

ಹೋದ ವರ್ಷ ಕಾಕಾ ತೀರಿಕೊಂಡರು. ಎದೆನೋವೆಂದು ದವಾಖಾನೆಗೆ ಹೋದವರು ಎರಡೇ ದಿನಕ್ಕೆ ಹೊರಟುಬಿಟ್ಟರು. ನನಗೆ ಅವರ ನೆನಪು ಭಾಳ ಕಾಡುತ್ತದೆ. ಶಾಲೆಯ ವರದಿ ಬರೆಯುವಾಗ 'ಮುಂತಾದವರು' ಎಂದು ಬರೆಯಲು ಕೈ ಏಳುವುದಿಲ್ಲ. ಕಸ ಗುಡಿಸುವವರಿಂದ ಹಿಡಿದು ಎಲ್ಲರ ಹೆಸರೂ ಬರೆಯುತ್ತೇನೆ. ವರದಿ ಉದ್ದವಾಯಿತೆಂದು ಹೆಡ್‌ಮಾಸ್ತರರು ಗೊಣಗುತ್ತಾರೆ.

ಪ್ರತಿ ವರ್ಷದಂತೆ ಈ ಸಲವೂ ಮುಂಬೈಯಿಂದ ರಾಯಲ್ಟಿಯ ಪಟ್ಟಿ ಬಂತು. ಎಲ್ಲರೂ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಓದಿ ಮುಗಿಸಿ ಕಾಗದ ಮಡಚಿದೆ.

"ಒಂದ ಹೆಸರ ಬಿಟ್ರಲ್ಲ," ಎಂದಳು ಗಂಗವ್ವಜ್ಜಿ.

ಯಾರದೆಂದು ಕೇಳಬೇಕಾಗಿರಲಿಲ್ಲ. "ಅವರು ಹಾಡಿದವರಲ್ಲಲ್ಲ ಅಜ್ಜಿ. ಇದರಾಗ ಬರದಿಲ್ಲ," ಎಂದೆ.

"ಹಾಡ್ಯಾರ, ಒಂದ ಸಾಲು. ಎಷ್ಟ ಕೆಟ್ಟ ಹಾಡಿದ್ರೂ ಹಾಡಿದ್ದ ಹಾಡಿದ್ದ. ಓದ್ರಿ ನೀವು."

ಕಾಗದದಲ್ಲಿ ಇಲ್ಲದ ಆ ಹೆಸರನ್ನು ನಾನು ಎದ್ದು ನಿಂತು ಓದಿದೆ.